ಎಐ ಅಸಿಸ್ಟೆಂಟ್‌ಗೆ ಮೆಮೊರಿ ಸರ್ವರ್ ಜೋಡಿಸೋದು ಹೇಗೆ?

ನಮಸ್ಕಾರ. ನಿನ್ನೆ ನಿಮ್ಮ ಪ್ರಾಜೆಕ್ಟ್ ಬಗ್ಗೆ ಎಐಗೆ ಎಲ್ಲಾ ಬಿಡಿಸಿ ಹೇಳಿರುತ್ತೀರಿ, ಇವತ್ತು ಹೊಸ ಚಾಟ್ ತೆರೆದರೆ ಅದಕ್ಕೆ ಏನೂ ಗೊತ್ತಿರುವುದಿಲ್ಲ, ಅಲ್ವಾ? ಮಾಡೆಲ್‌ಗೆ ಕಾಣುವುದು ಆ ಚಾಟ್‌ನಲ್ಲಿ ಇರುವಷ್ಟೇ. ಕೆಲವು ಆ್ಯಪ್‌ಗಳಲ್ಲಿ ಮೆಮೊರಿ ಮೊದಲೇ ಇರುತ್ತದೆ, ಆದರೆ ಅದು ಆ ಆ್ಯಪ್ ಒಳಗೇ ಉಳಿಯುತ್ತದೆ. ನಾವು ಅದನ್ನು ನಮ್ಮದೇ ಕಂಪ್ಯೂಟರ್‌ನ ಒಂದು ಫೈಲ್‌ನಲ್ಲಿ ಇಡೋಣ.

ಇದಕ್ಕೆ ಬೇಕಾಗಿರುವುದು ಎಂಸಿಪಿ, ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್: ಎಐ ಆ್ಯಪ್‌ಗೆ ಹೊರಗಿನ ಫೈಲ್, ಟೂಲ್‌ಗಳನ್ನು ಜೋಡಿಸುವ ಒಂದು ಸಾಮಾನ್ಯ ವಿಧಾನ. 2024ರ ನವೆಂಬರ್‌ನಲ್ಲಿ ಕ್ಲಾಡ್ ಎಐ ಮಾಡಿದ ಆಂಥ್ರೊಪಿಕ್ ಕಂಪನಿ ಇದನ್ನು ಹೊರಗೆ ಬಿಟ್ಟಿತು, ಈಗ ಬೇರೆ ಕಂಪನಿಗಳ ಆ್ಯಪ್‌ಗಳಲ್ಲೂ ನಡೆಯುತ್ತದೆ. ಇದರಲ್ಲಿ ಸರ್ವರ್ ಅಂದರೆ ಆ್ಯಪ್‌ಗೆ ಟೂಲ್‌ಗಳನ್ನು ಒದಗಿಸುವ ಒಂದು ಸಣ್ಣ ಪ್ರೋಗ್ರಾಂ; ಮಾದರಿ ಸರ್ವರ್‌ಗಳಲ್ಲಿ ಒಂದರ ಹೆಸರೇ ಮೆಮೊರಿ.

[ಸ್ಕ್ರೀನ್: ಕ್ಲಾಡ್ ಡೆಸ್ಕ್‌ಟಾಪ್ – ಸೆಟ್ಟಿಂಗ್ಸ್ – ಡೆವಲಪರ್ – ಎಡಿಟ್ ಕಾನ್ಫಿಗ್]

ಮೊದಲು ಈ ಸರ್ವರ್ ಓಡಿಸಲು ಬೇಕಾದ ನೋಡ್‌ಜೆಎಸ್ ಹಾಕಿಕೊಂಡಿರಿ. ಎಡಿಟ್ ಕಾನ್ಫಿಗ್ ಒತ್ತಿದರೆ ಸಿಗುವ ಈ ಜೇಸನ್ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಸರ್ವರ್‌ಗೆ ಒಂದು ಹೆಸರು, ಪ್ಯಾಕೇಜ್ ಇಳಿಸಿ ಓಡಿಸುವ ಎನ್‌ಪಿಎಕ್ಸ್ ಕಮಾಂಡ್, ಮೆಮೊರಿ ಸರ್ವರ್‌ನ ಪ್ಯಾಕೇಜ್ ಹೆಸರು, ಅಷ್ಟೇ. ಮೆಮೊರಿ ಫೈಲ್ ಎಲ್ಲಿರಬೇಕು ಅನ್ನುವ ಪಾತ್ ಮಾತ್ರ ನೀವೇ ಕೊಡಿ, ಇಲ್ಲದಿದ್ದರೆ ಅದು ಪ್ಯಾಕೇಜ್ ಫೋಲ್ಡರ್ ಒಳಗೆ ಎಲ್ಲೋ ಹೋಗಿ ಕೂರುತ್ತದೆ, ಆಮೇಲೆ ಹುಡುಕುವುದೇ ಕೆಲಸ. ಸೇವ್ ಮಾಡಿ ಆ್ಯಪನ್ನು ಪೂರ್ತಿ ಕ್ವಿಟ್ ಮಾಡಿ ಮತ್ತೆ ತೆರೆಯಿರಿ, ಸುಮ್ನೆ ವಿಂಡೋ ಮುಚ್ಚಿದರೆ ಸಾಲದು.

ಇಲ್ಲಿಗೆ ಜೋಡಣೆ ಮುಗಿಯಿತು. ಆದರೆ ಜಾಸ್ತಿ ಜನ ಇಲ್ಲೇ ನಿಲ್ಲಿಸಿ, "ಇದು ಕೆಲಸ ಮಾಡ್ತಿಲ್ಲ" ಅನ್ನುತ್ತಾರೆ. ಸರ್ವರ್ ತಾನಾಗಿ ಏನನ್ನೂ ಬರೆದುಕೊಳ್ಳುವುದಿಲ್ಲ. ಯಾವಾಗ ಓದಬೇಕು, ಯಾವಾಗ ಬರೆಯಬೇಕು ಅಂತ ತೀರ್ಮಾನಿಸುವುದು ಮಾಡೆಲ್. ಹಾಗಾಗಿ ಮಾಡೆಲ್ ಪ್ರತಿ ಚಾಟ್‌ನಲ್ಲೂ ಪಾಲಿಸಬೇಕಾದ ಸೂಚನೆ ಬರೆಯುವ ಆ್ಯಪ್‌ನ ಇನ್‌ಸ್ಟ್ರಕ್ಷನ್ಸ್‌ನಲ್ಲಿ ಸ್ಪಷ್ಟವಾಗಿ ಹಾಕಿ: "ಪ್ರತಿ ಚಾಟ್ ಶುರುವಿನಲ್ಲಿ ಮೆಮೊರಿ ನೋಡು, ಹೊಸ ವಿಷಯ ತಿಳಿದರೆ ಬರೆದಿಡು."

[ಸ್ಕ್ರೀನ್: ಮೆಮೊರಿ ಫೈಲ್]

ಫೈಲ್ ತೆರೆದು ನೋಡಿ. ಇಡೀ ಚಾಟ್ ಇಲ್ಲಿಲ್ಲ, ಸಣ್ಣ ಸಣ್ಣ ಸಾಲುಗಳಿವೆ. "ನನ್ನ ಆ್ಯಪ್ ಎಸ್‌ಕ್ಯೂಲೈಟ್ ಬಳಸುತ್ತೆ, ಮುಂದಿನ ವಾರ ರಿಲೀಸ್" ಅಂತ ಹೇಳಿದ್ದೆ (ಎಸ್‌ಕ್ಯೂಲೈಟ್ ಅಂದರೆ ಒಂದು ಡೇಟಾಬೇಸ್). ಆ್ಯಪ್ ಒಂದು ಎಂಟಿಟಿ, ಅಂದರೆ ನೆನಪಿಡುವ ವಸ್ತು, ಎಸ್‌ಕ್ಯೂಲೈಟ್ ಇನ್ನೊಂದು, "ಬಳಸುತ್ತದೆ" ಅನ್ನುವುದು ಅವೆರಡರ ನಡುವಿನ ರಿಲೇಶನ್, ಅಂದರೆ ಸಂಬಂಧ. "ಮುಂದಿನ ವಾರ ರಿಲೀಸ್" ಅನ್ನುವುದು ಆ್ಯಪ್‌ಗೆ ಅಂಟಿಸಿದ ಅಬ್ಸರ್ವೇಶನ್, ಅಂದರೆ ಅದರ ಬಗ್ಗೆ ಒಂದು ಮಾಹಿತಿ. ಈ ಸಾಲು ನೋಡಿ: ಎರಡು ತಿಂಗಳು ಬಿಟ್ಟು ಓದಿದರೂ ಮಾಡೆಲ್‌ಗೆ ಇದು "ಮುಂದಿನ ವಾರ"ವೇ! ಅದಕ್ಕೇ ತಾರೀಕು ಹೇಳಿ ಬರೆಸಿ, ದಯವಿಟ್ಟು.

ಇನ್ನೊಂದು ಮಾತು. ಇದು ನಿಮ್ಮ ಕಂಪ್ಯೂಟರ್ ಬಳಸುವ ಯಾರು ಬೇಕಾದರೂ ತೆರೆದು ಓದಬಹುದಾದ ಫೈಲ್, ಮಾಡೆಲ್ ಕ್ಲೌಡ್‌ನಲ್ಲಿದ್ದರೆ ಅದು ಓದಿದ ಸಾಲುಗಳು ಅಲ್ಲಿಗೂ ಹೋಗುತ್ತವೆ. ಪಾಸ್‌ವರ್ಡ್, ಎಪಿಐ ಕೀ (ಸೇವೆಗಳನ್ನು ಬಳಸಲು ಕೊಡುವ ಗುಟ್ಟಿನ ಕೋಡ್) ಯಾವುದನ್ನೂ ಇಲ್ಲಿ ಇಡಬೇಡಿ. ಹಳೆಯದಾದ ಸಾಲು ಕಂಡರೆ ಚಾಟ್‌ನಲ್ಲೇ "ಇದನ್ನು ಮೆಮೊರಿಯಿಂದ ತೆಗೆ" ಅಂತ ಹೇಳಿ, ಅಳಿಸುವ ಟೂಲ್ ಕೂಡ ಇದೇ ಸರ್ವರ್‌ನಲ್ಲಿದೆ.