ಕೋರ್ಸ್ ಬಿಡೋ ಮೊದಲು ಏಡ್ ಆಫೀಸಲ್ಲಿ ಕೇಳಿ

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಓದೋ ಮಕ್ಕಳಿಗೆ ಎಲ್ಲರೂ ಕೊಡೋ ಸಲಹೆ ಒಂದಿದೆ. ‘ಕೋರ್ಸ್ ಕಷ್ಟ ಆದ್ರೆ ಬಿಟ್ಬಿಡು, ಡಬ್ಲ್ಯು ಬರುತ್ತೆ ಅಷ್ಟೇ, ಜಿಪಿಎಗೆ ಏನೂ ಆಗಲ್ಲ.’ ಡಬ್ಲ್ಯು ಅಂದ್ರೆ ಕೋರ್ಸ್ ಮಧ್ಯದಲ್ಲಿ ಬಿಟ್ಟಿದ್ದಕ್ಕೆ ಅಂಕಪಟ್ಟಿಯಲ್ಲಿ ಬೀಳೋ ಗುರುತು, ಜಿಪಿಎ ಅಂದ್ರೆ ಗ್ರೇಡುಗಳ ಸರಾಸರಿ. ಜಿಪಿಎ ಮಟ್ಟಿಗೆ ಇದು ನಿಜ. ಆದರೆ ಪೆಲ್ ಗ್ರಾಂಟ್, ಅಂದ್ರೆ ಸರ್ಕಾರ ಓದಿಗೆ ಕೊಡೋ ಸಹಾಯಧನ ನಂಬ್ಕೊಂಡು ಓದೋ ಮಕ್ಕಳಿಗೆ ಇದು ಅರ್ಧ ಸಲಹೆ. ಉಳಿದರ್ಧ ಯಾರೂ ಹೇಳದೆ ಇರೋದ್ರಿಂದ, ಚೆನ್ನಾಗಿ ಓದೋ ಮಕ್ಕಳೂ ಏಡ್ (ಓದಿಗೆ ಸಿಗೋ ಹಣದ ನೆರವು) ಕಳ್ಕೊಳ್ತಾರೆ. ಅರ್ಜಿ ಹಾಕ್ಸೋಕೆ ಕಾಲೇಜುಗಳು ಶಿಬಿರ ಮಾಡ್ತವೆ, ಸಾಲು ಸಾಲು ಇಮೇಲ್ ಕಳಿಸ್ತವೆ. ಬಂದ ಹಣ ಉಳಿಸ್ಕೊಳ್ಳೋದು ಹೇಗೆ ಅನ್ನೋದನ್ನೂ ಮೊದಲ ವಾರದಲ್ಲೇ, ಅಷ್ಟೇ ಗಟ್ಟಿಯಾಗಿ ಹೇಳ್ಬೇಕು ಅನ್ನೋದು ನನ್ನ ವಾದ.

ಮೊದಲು ಅರ್ಜಿ. ಅದರ ಹೆಸರು ಫಾಫ್ಸಾ. ಸ್ಟೂಡೆಂಟ್‌ಏಡ್ ಡಾಟ್ ಗವ್‌ನಲ್ಲಿ ಉಚಿತವಾಗಿ ತುಂಬಬಹುದು, ದುಡ್ಡು ಕೇಳೋರ ಹತ್ತಿರ ಹೋಗ್ಲೇಬೇಡಿ. ಪ್ರತಿ ವರ್ಷ ಹೊಸದಾಗಿ ತುಂಬಬೇಕು. 2026-27ರ ಅರ್ಜಿಗೆ 2024ರ ತೆರಿಗೆ ಲೆಕ್ಕ ಬೇಕು. ಆ ಸೈಟಲ್ಲಿ ವಿದ್ಯಾರ್ಥಿಗೆ ಒಂದು ಅಕೌಂಟು, ಅಪ್ಪ ಅಥವಾ ಅಮ್ಮನಿಗೆ ಇನ್ನೊಂದು. ಇಬ್ಬರೂ ಜಂಟಿಯಾಗಿ ತೆರಿಗೆ ಸಲ್ಲಿಸಿದ್ರೆ ಒಬ್ಬರು ಸಾಕು. ತೆರಿಗೆ ಇಲಾಖೆಯಿಂದ ಮಾಹಿತಿ ತರಿಸ್ಕೊಳ್ಳೋಕೆ ಒಪ್ಪಿಗೆ ಕೇಳುತ್ತೆ. ಆ ಒಪ್ಪಿಗೆ ಕೊಡದಿದ್ರೆ ಫೆಡರಲ್ (ಕೇಂದ್ರ ಸರ್ಕಾರದ) ಏಡ್ ಸಿಗೋದೇ ಇಲ್ಲ, ಆದಾಯ ಸೊನ್ನೆ ಇದ್ರೂ ಸಿಗಲ್ಲ.

ನಮ್ಮ ಕನ್ನಡದ ಮನೆಗಳಲ್ಲಿ ಎರಡು ಗೊಂದಲ ಇದೆ. ‘ನಮ್ಮದು ಎಚ್-1ಬಿ, ನಮಗೆಲ್ಲಿ ಸಿಗುತ್ತೆ’ ಅಂತ ಅರ್ಜಿಯನ್ನೇ ಹಾಕಲ್ಲ. ಲೆಕ್ಕಕ್ಕೆ ಬರೋದು ಮಗುವಿನ ಪೌರತ್ವ, ಅಪ್ಪ-ಅಮ್ಮನ ವೀಸಾ ಅಲ್ಲ. ಇಲ್ಲೇ ಹುಟ್ಟಿದ ಮಗು ಅಥವಾ ಗ್ರೀನ್ ಕಾರ್ಡ್ ಇರೋ ಮಗು ಧಾರಾಳವಾಗಿ ಅರ್ಜಿ ಹಾಕ್ಬಹುದು. ಎಚ್-4 ಅಥವಾ ಎಫ್-1ನಲ್ಲಿರೋ ಮಕ್ಕಳಿಗೆ ಫೆಡರಲ್ ಏಡ್ ಇಲ್ಲ. ಎರಡನೇದು ಊರಿನ ಆಸ್ತಿ. ಆಸ್ತಿ ಬಗ್ಗೆ ಪ್ರಶ್ನೆ ಬಂದಾಗ, ನೀವು ವಾಸ ಮಾಡೋ ಮನೆ ಬಿಟ್ಟು ನಿಮ್ಮ ಹೆಸರಲ್ಲಿರೋ ಬೆಂಗಳೂರಿನ ಸೈಟು, ಮೈಸೂರಿನ ಫ್ಲ್ಯಾಟು, ಎನ್‌ಆರ್‌ಇ ಡೆಪಾಸಿಟ್ಟು ಎಲ್ಲಾ ಬರೀಬೇಕು. ಇಂಡಿಯಾದಲ್ಲಿದೆ ಅಂತ ಬಿಡೋ ಹಾಗಿಲ್ಲ. ತಾತನ ಹೆಸರಲ್ಲಿರೋ ತೋಟ ನಿಮ್ಮ ಆಸ್ತಿಯಲ್ಲ, ಅದನ್ನ ಬರೀಬೇಡಿ.

ಅರ್ಜಿ ಹಾಕಿದ ಮೇಲೆ ಕಾಲೇಜಿನ ಪೋರ್ಟಲ್ ನೋಡ್ತಿರಿ. ವೆರಿಫಿಕೇಶನ್‌ಗೆ, ಅಂದ್ರೆ ಬರೆದದ್ದು ಸರಿಯಾ ಅಂತ ಪರಿಶೀಲಿಸೋಕೆ, ಆಯ್ಕೆಯಾಗಿದ್ರೆ ಅಲ್ಲಿ ಕಾಗದ ಕೇಳಿರ್ತಾರೆ. ಅದನ್ನ ಕೊಡೋವರೆಗೂ ಒಂದು ಡಾಲರೂ ಬರಲ್ಲ.

ಈಗ ಆ ಡಬ್ಲ್ಯು ವಿಷಯಕ್ಕೆ ಬರ್ತೀನಿ. ಏಡ್ ಉಳೀಬೇಕಂದ್ರೆ ಸ್ಯಾಪ್ ಅನ್ನೋ ನಿಯಮ, ಅಂದ್ರೆ ಓದು ಸರಿಯಾಗಿ ಮುಂದೆ ಸಾಗ್ತಿದೆಯಾ ಅಂತ ನೋಡೋ ಪರೀಕ್ಷೆ, ಪಾಸಾಗ್ಬೇಕು. ಸಾಮಾನ್ಯವಾಗಿ ಜಿಪಿಎ 2.0 ಇರಬೇಕು, ತಗೊಂಡ ಯೂನಿಟ್‌ಗಳಲ್ಲಿ (ಯೂನಿಟ್ ಅಂದ್ರೆ ಕೋರ್ಸ್ ಎಷ್ಟು ದೊಡ್ಡದು ಅನ್ನೋ ಅಳತೆ) 67% ಮುಗಿಸಿರಬೇಕು, ಮತ್ತೆ ಇಡೀ ಪ್ರೋಗ್ರಾಮನ್ನ ಅದರ ಅಳತೆಯ 150% ಒಳಗೆ ಮುಗಿಸ್ಬೇಕು. ಅಂದ್ರೆ 60 ಯೂನಿಟ್‌ನ ಡಿಗ್ರಿಗೆ 90 ಯೂನಿಟ್ ಮಿತಿ. ಡಬ್ಲ್ಯು ಇಲ್ಲಿ ‘ತಗೊಂಡಿದ್ದು’ ಅಂತ ಲೆಕ್ಕಕ್ಕೆ ಬರುತ್ತೆ, ‘ಮುಗಿಸಿದ್ದು’ ಅಂತ ಬರಲ್ಲ. ಮೊದಲ ಸೆಮಿಸ್ಟರ್‌ನಲ್ಲಿ 13 ಯೂನಿಟ್ ತಗೊಂಡಿದ್ದೀರಿ ಅನ್ಕೊಳ್ಳಿ. 5 ಯೂನಿಟ್‌ನ ಕೆಮಿಸ್ಟ್ರಿ ಬಿಟ್ರಿ. ಉಳಿದ 8 ಯೂನಿಟ್‌ನಲ್ಲೂ ಎ ಗ್ರೇಡ್ ಬಂತು. ಜಿಪಿಎ 4.0. ಆದರೆ 13ರಲ್ಲಿ 8 ಅಂದ್ರೆ ಬರೀ 61.5%. ಸ್ಯಾಪ್ ಫೇಲ್.

ಇಲ್ಲಿ ತಾರೀಕು ಬಹಳ ಮುಖ್ಯ. ಬಹಳಷ್ಟು ಕಾಲೇಜುಗಳಲ್ಲಿ ಸೆನ್ಸಸ್ ದಿನ ಅಂತ ಒಂದಿರುತ್ತೆ, ಕ್ಲಾಸಲ್ಲಿ ಯಾರ್ಯಾರು ಇದ್ದಾರೆ ಅಂತ ಲೆಕ್ಕ ಹಾಕೋ ದಿನ, ಪೂರ್ತಿ ಸೆಮಿಸ್ಟರ್‌ನ ಕ್ಲಾಸಿಗೆ ಅದು ಮೊದಲ ಕೆಲವು ವಾರಗಳಲ್ಲೇ ಬರುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಮುಂಚೆ ಬಿಟ್ರೆ ಸಾಮಾನ್ಯವಾಗಿ ಡಬ್ಲ್ಯು ಬೀಳಲ್ಲ, ಸ್ಯಾಪ್‌ಗೆ ಏಟಿಲ್ಲ. ಆದರೆ ಪೆಲ್ ಇಳಿಯುತ್ತೆ. 2024-25ರಿಂದ ಪೆಲ್ ಯೂನಿಟ್ ಲೆಕ್ಕದಲ್ಲಿ ಬರುತ್ತೆ: 12ಕ್ಕೆ ಪೂರ್ತಿ, 9ಕ್ಕೆ 75%, 8ಕ್ಕೆ 67%, 6ಕ್ಕೆ 50%. 2025-26ರಲ್ಲಿ ಗರಿಷ್ಠ ಪೆಲ್ ವರ್ಷಕ್ಕೆ 7,395 ಡಾಲರ್. ಅಷ್ಟೂ ಸಿಗೋರಿಗೆ 13ರಿಂದ 8ಕ್ಕೆ ಇಳಿದ್ರೆ ಒಂದು ಸೆಮಿಸ್ಟರ್‌ಗೆ ಸುಮಾರು 1,200 ಡಾಲರ್ ಹೋಗುತ್ತೆ. ತಡವಾಗಿ ಬಿಟ್ರೆ ಆ ದುಡ್ಡು ಸಾಮಾನ್ಯವಾಗಿ ಉಳಿಯುತ್ತೆ, ಆದರೆ ಮುಂದಿನ ಎಲ್ಲಾ ಸೆಮಿಸ್ಟರ್‌ಗಳ ಏಡ್ ಅಪಾಯಕ್ಕೆ ಬೀಳುತ್ತೆ. ಕೋರ್ಸ್ ಕೈಗೆ ಹತ್ತಲ್ಲ ಅಂತ ಖಾತ್ರಿಯಾದ್ರೆ ಬೇಗ ಬಿಡೋದೇ ಮೇಲು. ಅದರ ಜಾಗಕ್ಕೆ ಸೆಮಿಸ್ಟರ್ ಮಧ್ಯದಲ್ಲಿ ಶುರುವಾಗೋ ಒಂದು ಕ್ಲಾಸ್ ಇದೆಯಾ ಅಂತ ಏಡ್ ಆಫೀಸಲ್ಲಿ ಕೇಳಿ. ಆ ಕ್ಲಾಸ್ ನಿಮ್ಮ ಡಿಗ್ರಿಗೆ ಬೇಕಾದದ್ದೇ ಆಗಿರಬೇಕು, ಯಾಕಂದ್ರೆ ಡಿಗ್ರಿಗೆ ಸಂಬಂಧವಿಲ್ಲದ ಯೂನಿಟ್‌ಗೆ ಪೆಲ್ ಬರಲ್ಲ.

ಎಲ್ಲಾ ಕ್ಲಾಸೂ ಒಟ್ಟಿಗೆ ಬಿಡೋದು ಇದಕ್ಕಿಂತ ಕೆಟ್ಟದ್ದು. ಸೆಮಿಸ್ಟರ್‌ನ 60% ದಾಟೋ ಮುಂಚೆ ಪೂರ್ತಿ ಹೊರಬಂದ್ರೆ, ಇದ್ದ ದಿನಗಳಿಗೆ ಎಷ್ಟೋ ಅಷ್ಟೇ ಏಡ್ ನಿಮ್ಮದು. 30% ಆದಾಗ ಬಿಟ್ರೆ 30% ಮಾತ್ರ. ಕಾಲೇಜು ಉಳಿದದ್ದರಲ್ಲಿ ತನ್ನ ಪಾಲು ಸರ್ಕಾರಕ್ಕೆ ವಾಪಸ್ ಕೊಟ್ಟು ನಿಮಗೆ ಬಿಲ್ ಕಳಿಸುತ್ತೆ. ಆ ಬಾಕಿ ತೀರಿಸದಿದ್ರೆ ಮತ್ತೆ ಸೇರೋದೇ ಕಷ್ಟ ಆಗ್ಬಹುದು. ಸುಮ್ನೆ ಬರೋದು ನಿಲ್ಲಿಸಿ ಎಲ್ಲದರಲ್ಲೂ ಎಫ್ ಬಂದ್ರೂ ಕಾಲೇಜು ಇದನ್ನ ‘ಬಿಟ್ಟು ಹೋಗಿದ್ದು’ ಅಂತಲೇ ನೋಡಬಹುದು.

ಸ್ಯಾಪ್ ಫೇಲಾದ್ರೆ ಬಹಳಷ್ಟು ಕಾಲೇಜುಗಳಲ್ಲಿ ಮೊದಲ ಸಲ ಎಚ್ಚರಿಕೆ ಬರುತ್ತೆ, ಆ ಒಂದು ಟರ್ಮ್ ಏಡ್ ನಡೆಯುತ್ತೆ. ಮತ್ತೆ ಫೇಲಾದ್ರೆ ನಿಲ್ಲುತ್ತೆ. ಆಗ ಅಪೀಲ್ ಹಾಕ್ಬೇಕು. ಮಕ್ಕಳು ಎರಡು ಪುಟ ಕಷ್ಟ ಬರೆದು ಕಳಿಸ್ತಾರೆ, ತಿರಸ್ಕಾರ ಆಗುತ್ತೆ. ಕಷ್ಟ ಸುಳ್ಳು ಅಂತಲ್ಲ. ಏನಾಯ್ತು ಅನ್ನೋದರ ಜೊತೆಗೆ ಈಗ ಏನು ಬದಲಾಗಿದೆ ಅನ್ನೋದನ್ನ ಬರೆದಿರಲ್ಲ, ದಾಖಲೆ ಇಟ್ಟಿರಲ್ಲ. ಕಾಯಿಲೆ ಆಗಿದ್ರೆ ಡಾಕ್ಟರ ಪತ್ರ, ತಾರೀಕು ಸಮೇತ. ಮನೇಲಿ ಸಾವಾಗಿದ್ರೆ ಮರಣ ಪ್ರಮಾಣಪತ್ರ. ಕೆಲಸದ ಪಾಳಿ ಅಡ್ಡ ಬಂದಿದ್ರೆ ಈಗ ಪಾಳಿ ಬದಲಾಗಿದೆ ಅಂತ ಮಾಲೀಕರ ಪತ್ರ. ಕೌನ್ಸೆಲರ್ ಹತ್ತಿರ ಕೂತು ಮಾಡಿದ ಶಿಕ್ಷಣ ಯೋಜನೆ. ಪತ್ರ ಒಂದೇ ಪುಟ ಇರಲಿ.

ಇನ್ನೊಂದು ಅರ್ಜಿ ಬೇರೇನೇ ಇದೆ, ಅಪ್ಪ-ಅಮ್ಮಂದಿರು ಕೇಳಿಸ್ಕೊಳ್ಳಿ. ಫಾಫ್ಸಾ ನೋಡೋದು ಎರಡು ವರ್ಷ ಹಿಂದಿನ ಆದಾಯ. ಈ ವರ್ಷ ಲೇಆಫ್ ಆಗಿದ್ರೆ ಅದಕ್ಕೆ ಗೊತ್ತಾಗಲ್ಲ. ಕೆಲಸ ಹೋದ ಪತ್ರ, ಕೊನೆಯ ಪೇ ಸ್ಲಿಪ್ ತಗೊಂಡು ಏಡ್ ಆಫೀಸಿಗೆ ಹೋಗಿ, ‘ವಿಶೇಷ ಪರಿಸ್ಥಿತಿ ಅಂತ ಮರುಪರಿಶೀಲನೆ ಮಾಡಿ’ ಅಂತ ಕೇಳಿ. ಲೆಕ್ಕ ತಿದ್ದೋ ಅಧಿಕಾರ ಅವರಿಗೆ ಕಾನೂನೇ ಕೊಟ್ಟಿದೆ, ಆದರೆ ನೀವು ಹೋಗಿ ಹೇಳದೆ ನಿಮ್ಮ ಕೆಲಸ ಹೋಗಿರೋದು ಅವರಿಗೆ ತಿಳಿಯಲ್ಲ. ನಾಲ್ಕು ಜನಕ್ಕೆ ಗೊತ್ತಾಗುತ್ತೆ ಅಂತ ಸಂಕೋಚ ಬೇಡ. ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆಗೆ ಅಲ್ಲಿ ಫೆಡರಲ್ ಕಾನೂನೇ ಇದೆ.