ಸ್ಕ್ವೇರ್ ಫೀಟಿಗೆ ಒಂದು ರೂಪಾಯಿ

ಕೇಳುಗರಿಗೆಲ್ಲ ನಮಸ್ಕಾರ. ಅಪಾರ್ಟ್‌ಮೆಂಟಲ್ಲಿ ಇರೋರು, ಅದರಲ್ಲೂ ಅಸೋಸಿಯೇಷನ್ ಮೀಟಿಂಗ್ ಕಡೆ ತಲೆ ಹಾಕ್ದೇ ಇರೋರು, ಸ್ವಲ್ಪ ಕಿವಿಗೊಡಿ. ನಾನು ಹೇಳೋದು ಒಂದೇ ಮಾತು, ತಿಂಗಳಾ ತಿಂಗಳಾ ಸಿಂಕಿಂಗ್ ಫಂಡ್ ಅಂತ, ಅಂದ್ರೆ ಮುಂದೆ ಬರೋ ಕಟ್ಟಡದ ದೊಡ್ಡ ರಿಪೇರಿಗೆ ಅಂತ, ಬೇರೆ ದುಡ್ಡು ಎತ್ತಿಡಿ. ಮೇಂಟೆನೆನ್ಸ್ ದುಡ್ಡು ಸೆಕ್ಯೂರಿಟಿ, ಲಿಫ್ಟು, ಟ್ಯಾಂಕರ್ ನೀರಿಗೇ ಸರಿಹೋಗತ್ತೆ, ಕಟ್ಟಡಕ್ಕೆ ಅಂತ ಏನೂ ಉಳಿಯಲ್ಲ.

ಬನಶಂಕರಿ ಕಡೆ 48 ಮನೆ ಬಿಲ್ಡಿಂಗ್ ಒಂದಕ್ಕೆ ನನ್ನ ಕರೆಸಿದ್ರು. ಬೇಸ್‌ಮೆಂಟಲ್ಲಿ ಒಂದು ಪಿಲ್ಲರ್, ಬುಡದ ಹತ್ರ ಬಣ್ಣ ಹಪ್ಪಳದ ಥರ ಎದ್ದಿತ್ತು. ಸೆಕ್ರೆಟರಿ "ಹೋದ್ವರ್ಷ ತಾನೇ ಪುಟ್ಟಿ ಹಾಕ್ಸಿ ಪೇಂಟ್ ಮಾಡ್ಸಿದ್ವಿ ಸಾರ್" ಅಂದ್ರು. ಸುತ್ತಿಗೆ ತಗೊಂಡು ಮೆಲ್ಲಗೆ ತಟ್ಟಿದೆ, ಗಟ್ಟಿ ಕಾಂಕ್ರೀಟ್ ಟಣ್ ಅನ್ನಬೇಕು, ಇದು ಬೊದ್ ಅಂತು. ಇನ್ನೆರಡು ಏಟಿಗೆ ಅಂಗೈ ಅಗಲದ ಚಕ್ಕೆ ಬಿತ್ತು, ಒಳಗಿನ ಕಂಬಿ ಪದರ ಪದರ ಬಿಟ್ಕೊಂಡು, ಉಗುರಲ್ಲಿ ಕೆರೆದ್ರೆ ತುಕ್ಕು ಕೈಗೇ ಬರ್ತಿತ್ತು. ಪಕ್ಕದಲ್ಲೇ ಸಂಪು, ವರ್ಷಾನುಗಟ್ಲೆ ಅದರ ಗೋಡೆಯಿಂದ ನೀರು ಜಿನುಗಿದೆ. ಕಂಬಿ ತುಕ್ಕು ಹಿಡಿದ್ರೆ ಊದ್ಕೊಳ್ಳತ್ತೆ, ಊದ್ಕೊಂಡು ಕಾಂಕ್ರೀಟನ್ನ ಒಳಗಿಂದಾನೇ ಸೀಳತ್ತೆ, ಪೇಂಟಿಗೆ ಅದೆಲ್ಲಾ ಬಗ್ಗಲ್ಲ ಕಣ್ರೀ.

ಮೀಟಿಂಗ್ ಕರೆದ್ರು, ರಿಪೇರಿಗೆ ಮನೆಗೆ ಒಂದೂವರೆ ಲಕ್ಷ ಅಂತಾಯ್ತು. ಪೆನ್ಷನ್ನಲ್ಲೇ ಇರೋ ಅಜ್ಜಿ ಒಬ್ರು "ನಾನೆಲ್ಲಿಂದ ತರ್ಲಪ್ಪಾ" ಅಂದು ಸುಮ್ಮನೆ ಕೂತ್ಬಿಟ್ರು, ಮೂರನೇ ಫ್ಲೋರಿನವರು ನಾವು ಮಾರ್ತಾ ಇದೀವಿ ನಮಗ್ಯಾಕೆ ಅಂದ್ರು, ಬಾಡಿಗೆಗೆ ಕೊಟ್ಟು ಅಮೆರಿಕಾದಲ್ಲಿರೋರು ಮೆಸೇಜಿಗೆ ಉತ್ತರಾನೇ ಕೊಡಲಿಲ್ಲ. ಕೆಲಸ ಶುರುವಾಗೋಷ್ಟರಲ್ಲಿ ಎರಡು ಮಳೆಗಾಲ ಕಳೆದು ಪಕ್ಕದ ಪಿಲ್ಲರೂ ಬಿರುಕು ಬಿಟ್ಟಿತ್ತು.

ಈಗ ಲೆಕ್ಕ ಹಾಕಿ. 48 ಮನೆ, ಒಂದೊಂದು 1,200 ಸ್ಕ್ವೇರ್ ಫೀಟ್, ಫೀಟಿಗೆ ಒಂದೇ ರೂಪಾಯಿ. ತಿಂಗಳಿಗೆ 57,600. ಹತ್ತು ವರ್ಷಕ್ಕೆ 69 ಲಕ್ಷ, ಎಫ್‌ಡಿ ಬಡ್ಡಿ ಬೇರೆ. ಅವರಿಗೆ ಬೇಕಾಗಿದ್ದು 72 ಲಕ್ಷ! ಇಟ್ಟಿದ್ರೆ ಆ ಅಜ್ಜಿ ಹತ್ರ ಯಾರೂ ಕೈ ಚಾಚ್ತಾನೇ ಇರಲಿಲ್ಲ.

ಟೈಮ್ ಆಗ್ತಾ ಬಂತು ಅಂತ ಸನ್ನೆ ಮಾಡ್ತಿದಾರೆ, ಬೇಗ ಹೇಳ್ಬಿಡ್ತೀನಿ. ಫಂಡಿಗೆ ಬೇರೆ ಅಕೌಂಟ್ ಇರಲಿ, ಗಣೇಶನ ಹಬ್ಬಕ್ಕೂ ಸಿಸಿಟಿವಿಗೂ ಅದನ್ನ ಮುಟ್ಟಬೇಡಿ. ಫ್ಲಾಟ್ ಮಾರಿದ್ರೂ ಆ ದುಡ್ಡು ಅಸೋಸಿಯೇಷನ್ನಲ್ಲೇ ಇರಲಿ ಅಂತ ಬೈಲಾದಲ್ಲೇ ಬರೆಸಿ. ಹೊಸ ಬಿಲ್ಡಿಂಗಿನವರಿಗೆ ಇನ್ನೊಂದು, 2016ರ ರೇರಾ, ಅಂದ್ರೆ ರಿಯಲ್ ಎಸ್ಟೇಟ್ ಕಾಯ್ದೆ ಪ್ರಕಾರ ಪೊಸೆಷನ್ ಕೊಟ್ಟು ಐದು ವರ್ಷದೊಳಗೆ ಸ್ಟ್ರಕ್ಚರಲ್ ದೋಷ ಕಂಡ್ರೆ, ನೀವು ತಿಳಿಸಿದ 30 ದಿನದಲ್ಲಿ ಬಿಲ್ಡರ್ರೇ ಬಿಟ್ಟಿಯಾಗಿ ಸರಿಮಾಡ್ಕೊಡಬೇಕು. ನಿಮ್ಮ ಪೊಸೆಷನ್ ತಾರೀಖು ಯಾವತ್ತು ಅಂತ ಇವತ್ತೇ ಪೇಪರ್ ತೆಗೆದು ನೋಡಿ. ನಮಸ್ಕಾರ.