ಪರದೆ ಮೇಲೆ ದಪ್ಪಕ್ಷರದಲ್ಲಿ ‘ಲಂಚ್’

ನಮಸ್ಕಾರ. ಸಮ್ಮೇಳನಕ್ಕೆ ಬಂದವರ ಕೈಗೆ ಹೊಸ ಸಾಧನ ಕೊಟ್ಟು ಏನು ಮಾಡಿಸ್ಬೇಕು ಅನ್ನೋದೇ ಇವತ್ತಿನ ಮಾತು. ಒಂದು ಊಟದ ಕಥೆಯಿಂದ ಶುರು ಮಾಡ್ತೀನಿ.

ಎರಡು ವರ್ಷದ ಹಿಂದೆ, ಬೆಂಗಳೂರಿನ ಒಂದು ದೊಡ್ಡ ಹೋಟೆಲ್‌ನಲ್ಲಿ ಸಮ್ಮೇಳನ. ನಮ್ಮ ಕಸುಬಿನವರೇ ಮುನ್ನೂರು ಜನ. ಕೊರಳಲ್ಲಿ ಟ್ಯಾಗು, ಕೈಯಲ್ಲಿ ಕಾಫಿ, ಮೈ ಕೊರೆಯೋ ಎಸಿ. ಮಧ್ಯಾಹ್ನ ಹನ್ನೆರಡೂವರೆ ಆಗಿತ್ತು. ವೇದಿಕೆ ಮೇಲಿದ್ದವರು, “ಈಗೊಂದು ಪ್ರಯೋಗ ಮಾಡೋಣ, ಎಲ್ಲರೂ ಫೋನ್ ತೆಗೀರಿ” ಅಂದ್ರು. ಪರದೆ ಮೇಲೆ ಕ್ಯೂಆರ್ ಕೋಡ್ ಬಂತು. ಹಿಂದಿನ ಸಾಲಿನವರಿಗೆ ಸ್ಕ್ಯಾನ್ ಆಗ್ತಿಲ್ಲ. ವೈಫೈ ಪಾಸ್‌ವರ್ಡ್ ಏನು ಅಂತ ಪಕ್ಕದವರನ್ನ ಕೇಳಿದ್ರೆ, ಅವರು ಅವರ ಪಕ್ಕದವರನ್ನ ಕೇಳ್ತಿದ್ದಾರೆ. ಹಾಗೂ ಹೀಗೂ ಒಂದು ನೂರು ಜನ ಒಳಗೆ ಹೋದ್ವಿ. ಪ್ರಶ್ನೆ ಇಷ್ಟೇ: ‘ನಮ್ಮ ಕ್ಷೇತ್ರದ ಭವಿಷ್ಯ, ಒಂದೇ ಪದದಲ್ಲಿ.’ ಒಂದು ಪದವನ್ನ ಎಷ್ಟು ಜನ ಬರೀತಾರೋ ಅಷ್ಟು ದಪ್ಪಗೆ ಅದು ಪರದೆ ಮೇಲೆ ಕಾಣುತ್ತೆ.

ಮೊದಲು ‘ಎಐ’ ಬಂತು. ‘ನಂಬಿಕೆ’ ಬಂತು. ಆಮೇಲೆ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ, ‘ಲಂಚ್’. ಲಂಚ ಅಲ್ಲ, ಲಂಚ್! ಯಾರೋ ಒಬ್ಬರು ಕಿಸಕ್ ಅಂತ ನಕ್ಕರು. ನೋಡ್ತಾ ನೋಡ್ತಾ ಅದು ದಪ್ಪ ಆಯ್ತು, ‘ನಂಬಿಕೆ’ಯನ್ನ ಬದಿಗೆ ತಳ್ತು, ‘ಎಐ’ನ ಮೇಲಕ್ಕೆ ನೂಕಿ ಪರದೆಯ ನಡುವೆ ಬಂದು ಕೂತ್ಕೊಳ್ತು. ಸಭಾಂಗಣದಲ್ಲಿ ಶಿಳ್ಳೆ, ಚಪ್ಪಾಳೆ. ಬೆಳಿಗ್ಗೆಯಿಂದ ಪಕ್ಕದಲ್ಲೇ ಕೂತಿದ್ದು ಮಾತಾಡದವರು ಮುಖ ಮುಖ ನೋಡ್ಕೊಂಡು ನಕ್ಕಿದ್ದು ಆಗಲೇ.

ಆಯೋಜಕರು ಏನು ಮಾಡಿದ್ರು ಗೊತ್ತಾ? “ದಯವಿಟ್ಟು ಸೀರಿಯಸ್ ಆಗಿರಿ” ಅಂತ ಹೇಳಿ ಪರದೆ ಅಳಿಸಿಬಿಟ್ರು.

ನನ್ನ ತಕರಾರು ಅಲ್ಲೇ ಇರೋದು. ಪ್ರಯೋಗ ಕೆಟ್ಟುಹೋಯ್ತು ಅಂತ ಅವರು ಅಂದುಕೊಂಡ್ರು. ನನ್ನನ್ನ ಕೇಳಿದ್ರೆ ಪ್ರಯೋಗ ಶುರುವಾಗಿದ್ದೇ ಆಗ. ಬಂದವರ ಕೈಗೆ ಒಂದು ಹೊಸ ಸಾಧನ ಕೊಟ್ಟು, ನಾವು ಬರೆದಿಟ್ಟ ಉತ್ತರವನ್ನೇ ಅವರು ಹೇಳ್ಬೇಕು ಅಂದ್ರೆ ಅದು ಪ್ರಯೋಗ ಅಲ್ಲ, ಶಾಲೆಯ ಪ್ರಾರ್ಥನೆ.

ಇದನ್ನ ಸರಿಯಾಗಿ ಮಾಡಿದವರು ಇದ್ದಾರೆ, ಅದೂ ಸ್ಮಾರ್ಟ್‌ಫೋನೇ ಇಲ್ಲದ ಕಾಲದಲ್ಲಿ. 1991, ಲಾಸ್ ವೇಗಸ್. ಕಂಪ್ಯೂಟರ್ ಗ್ರಾಫಿಕ್ಸ್‌ನವರ ಸಿಗ್ರಾಫ್ ಸಮ್ಮೇಳನ. ಲೋರೆನ್ ಕಾರ್ಪೆಂಟರ್ ಅಂತ, ಆನಿಮೇಷನ್ ಸಿನಿಮಾ ಮಾಡೋ ಪಿಕ್ಸಾರ್ ಕಂಪನಿ ಕಟ್ಟಿದವರಲ್ಲಿ ಒಬ್ಬರು. ಅದಕ್ಕೂ ಹನ್ನೊಂದು ವರ್ಷ ಮುಂಚೆ, ಬೋಯಿಂಗ್‌ನಲ್ಲಿ ಕೆಲಸದಲ್ಲಿದ್ದಾಗ, ಕಂಪ್ಯೂಟರ್‌ನಲ್ಲೇ ಬೆಟ್ಟಗುಡ್ಡ ಹುಟ್ಟಿಸಿ ಎರಡು ನಿಮಿಷದ ಚಿತ್ರ ಮಾಡಿ ಇದೇ ಸಮ್ಮೇಳನದಲ್ಲಿ ತೋರಿಸಿ, ಅದರ ಬಲದ ಮೇಲೆ ಲ್ಯೂಕಾಸ್‌ಫಿಲ್ಮ್ ಅನ್ನೋ ಸಿನಿಮಾ ಕಂಪನಿಗೆ ಸೇರಿದ ಮನುಷ್ಯ. ಅಂದ್ರೆ ಆ ಸಭೆಯ ನಾಡಿ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಸುಮಾರು ಐದು ಸಾವಿರ ಜನ ಕೂರೋ ಸಭಾಂಗಣ. ಒಳಗೆ ಬಂದವರಿಗೆಲ್ಲ ಕಡ್ಡಿಗೆ ಅಂಟಿಸಿದ ಒಂದು ರಟ್ಟು, ಹೆಚ್ಚುಕಮ್ಮಿ ನಮ್ಮ ಬೀಸಣಿಗೆ ಥರ. ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು. ಮೊದಲಿಗೆ ಏನು ಮಾಡ್ಬೇಕು ಅಂತ ಯಾರೂ ಹೇಳಲಿಲ್ಲ. ಕ್ಯಾಮೆರಾಗೆ ಕಂಡ ರಟ್ಟುಗಳೆಲ್ಲ ಪರದೆ ಮೇಲೆ ಕೆಂಪು ಹಸಿರು ಚುಕ್ಕಿಗಳ ಜಾತ್ರೆಯಾಗಿ ಕಾಣ್ತಿವೆ. ಯಾರೋ ರಟ್ಟು ತಿರುಗಿಸ್ತಾರೆ, ಪರದೆಯಲ್ಲಿ ಒಂದು ಚುಕ್ಕಿ ಬಣ್ಣ ಬದಲಿಸುತ್ತೆ. ‘ಅರೆ, ಅದು ನಾನು!’ ಅಷ್ಟೇ ಪಾಠ. ಆಮೇಲೆ ಪರದೆಗೆ ಪಾಂಗ್ ಆಟ ಬಂತು. 1972ರಲ್ಲಿ ಅಟಾರಿ ಬಿಟ್ಟ, ಎರಡು ಗೆರೆ ಒಂದು ಚೆಂಡಿನ ಆಟ. ಎಡಗಡೆ ಕೂತವರಿಗೆ ಒಂದು ಬ್ಯಾಟು, ಬಲಗಡೆಯವರಿಗೆ ಇನ್ನೊಂದು. ಕೆಂಪು ಹೆಚ್ಚಾದ್ರೆ ಬ್ಯಾಟು ಮೇಲೆ, ಹಸಿರು ಹೆಚ್ಚಾದ್ರೆ ಕೆಳಗೆ.

ಒಂದು ಬ್ಯಾಟಿಗೆ ಎರಡೂವರೆ ಸಾವಿರ ಯಜಮಾನರು. ಗಲಾಟೆ ಆಗ್ಬೇಕಿತ್ತು, ನಮ್ಮ ಅಪಾರ್ಟ್‌ಮೆಂಟ್ ಸಂಘದ ಮೀಟಿಂಗ್ ಥರ. ಆಗಲಿಲ್ಲ. ಚೆನ್ನಾಗೇ ಆಡಿದ್ರು. ಯಾಕೆ ಅಂತ ಕೂತು ಯೋಚಿಸಿದ್ರೆ ಸೊಗಸಾಗಿದೆ. ಒಬ್ಬ ಆತುರದಲ್ಲಿ ಮೇಲೆ ಎಳೀತಾನೆ, ಇನ್ನೊಬ್ಬ ಹೆದರಿ ಕೆಳಗೆ ಎಳೀತಾನೆ, ಇಬ್ಬರ ತಪ್ಪೂ ವಜಾ ಆಗುತ್ತೆ. ಉಳಿಯೋದು ಎಲ್ಲರ ಸರಾಸರಿ ಅಂದಾಜು. ಆಮೇಲೆ ವಿಮಾನ ಹಾರಿಸೋ ಆಟ ಕೊಟ್ಟಾಗ ಮಾತ್ರ ಕಷ್ಟ ಆಯ್ತು, ವಿಮಾನ ಅತ್ತಿತ್ತ ತೊನೆದಾಡ್ತು. ಪರದೆಯಲ್ಲಿ ಓಲಾಟ ಕಂಡು ಎಲ್ಲರೂ ಒಟ್ಟಿಗೆ ತಿದ್ದೋಕೆ ಹೋದ್ರೆ ತಿದ್ದಿದ್ದು ಜಾಸ್ತಿ ಆಗುತ್ತೆ. ಆ ತಡಬಡ ಕೂಡ ಐದು ಸಾವಿರ ಜನರ ಕಣ್ಣೆದುರೇ ನಡೀತು. ಯಾರೂ ಪರದೆ ಅಳಿಸಲಿಲ್ಲ.

ಇದರಲ್ಲಿ ನನಗೆ ಮುಖ್ಯ ಅನ್ನಿಸೋದು ಒಂದು ಸಣ್ಣ ವಿಷಯ. ಯಾರ ತಲೆಯೂ ಕೆಳಗೆ ಬಗ್ಗಿರಲಿಲ್ಲ. ಕೈ ಮೇಲೆ, ಕಣ್ಣು ಮುಂದೆ. ಫೋನ್‌ನಲ್ಲಿ ಓಟು ಹಾಕ್ಸಿದ್ರೆ ಮುನ್ನೂರು ಜನ ಮುನ್ನೂರು ಬಾವಿಗೆ ಇಳಿದಂಗೆ. ಅದರಲ್ಲಿ ನೂರು ಜನ ವಾಟ್ಸಾಪ್ ನೋಡಿ ವಾಪಸ್ ಬರೋದೇ ಇಲ್ಲ.

ಇನ್ನೊಂದು ಹೇಳ್ತೀನಿ. 1995ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್ ಅನ್ನೋ ಸಂಶೋಧನಾ ಕೇಂದ್ರದ ಹತ್ತನೇ ವರ್ಷದ ಸಮಾರಂಭ. ಬಂದವರಿಗೆ ಕೊಟ್ಟ ಹೆಸರಿನ ಬಿಲ್ಲೆಯಲ್ಲಿ ಐದು ಪುಟ್ಟ ದೀಪ. ಐದು ಪ್ರಶ್ನೆ ಇರ್ತಿತ್ತು. ನಿಮ್ಮ ಉತ್ತರ ಬರೆದಿರೋ ಬಕೆಟ್‌ನೊಳಗೆ ಬಿಲ್ಲೆ ಅದ್ದಿದ್ರೆ ಸಾಕು, ಬಿಲ್ಲೆ ನೆನಪಿಟ್ಕೊಳ್ಳುತ್ತೆ. ನೀರಿಲ್ಲ, ಖಾಲಿ ಬಕೆಟ್ಟೇ, ಗಾಬರಿ ಬೀಳಬೇಡಿ. ಆಮೇಲೆ ಇಬ್ಬರು ಎದುರುಬದುರು ನಿಂತ್ರೆ, ಉತ್ತರ ಹೊಂದಿದ ಕಡೆ ಹಸಿರು, ಹೊಂದದ ಕಡೆ ಕೆಂಪು. ನಾಲ್ಕು ಹಸಿರು ಒಂದು ಕೆಂಪು ಬಂತು ಅನ್ಕೊಳ್ಳಿ, ಮಾತು ಶುರುವಾಗೋದು ಆ ಒಂದು ಕೆಂಪಿನಿಂದ. “ಸಾರ್, ಯಾವುದರಲ್ಲಿ ನಮಗೆ ಹೊಂದ್ತಿಲ್ಲ?” ಮಾತು ಹೇಗೆ ಶುರು ಮಾಡೋದು ಗೊತ್ತಾಗದೆ ಪೇಸ್ಟ್ರಿ ತಟ್ಟೆ ಹಿಡ್ಕೊಂಡು ಗೋಡೆಗೆ ಒರಗಿ ನಿಲ್ಲೋ ನನ್ನಂಥವರಿಗೆ ಇದು ವರ.

2009ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ, ಹೈಪರ್‌ಟೆಕ್ಸ್ಟ್ ಅಂದ್ರೆ ಲಿಂಕ್ ಒತ್ತಿ ಓದೋ ಬರಹ, ಅದರ ಸಂಶೋಧಕರ ಸಮ್ಮೇಳನದಲ್ಲಿ ಸುಮಾರು ನೂರು ಜನರ ಎದೆಗೆ ರೇಡಿಯೋ ಬಿಲ್ಲೆ ಹಾಕಿದ್ರು. ಸೋಶಿಯೋಪ್ಯಾಟರ್ನ್ಸ್ ಅಂತ ಆ ಕೆಲಸದ ಹೆಸರು. ಅದರ ಜಾಣತನ ನೋಡಿ: ತೀರಾ ಸಣ್ಣ ಶಕ್ತಿಯ ರೇಡಿಯೋ ಅಲೆಯನ್ನ ನಮ್ಮ ಮೈಯೇ ತಡೆಯುತ್ತೆ. ಹಾಗಾಗಿ ಬೆನ್ನು ತಿರುಗಿಸಿ ನಿಂತ್ರೆ ಲೆಕ್ಕಕ್ಕಿಲ್ಲ. ಒಂದೂವರೆ ಮೀಟರ್ ಒಳಗೆ, ಮುಖಾಮುಖಿ ನಿಂತ್ರೆ ಮಾತ್ರ ಭೇಟಿ ಅಂತ ದಾಖಲು. ಬಹುಪಾಲು ಭೇಟಿಗಳು ತೀರಾ ಚಿಕ್ಕವು, ಎಲ್ಲೋ ಕೆಲವು ಮಾತ್ರ ಬಹಳ ಉದ್ದ. ರೋಗ ಹೇಗೆ ಹರಡುತ್ತೆ ಅನ್ನೋ ಲೆಕ್ಕಕ್ಕೂ ಇಂಥ ಮಾಹಿತಿ ಬಳಕೆಯಾಯ್ತು.

ಅದು ಸಂಶೋಧನೆಗೆ. ನಮ್ಮಲ್ಲಿ ಕೊರಳ ಟ್ಯಾಗನ್ನ ಯಾರು ಓದ್ತಾರೆ? ಸ್ಟಾಲ್‌ನವರು. ಒಂದು ಪೆನ್ನು ಕೊಟ್ಟು, ‘ಪೀಕ್’ ಅಂತ ಸ್ಕ್ಯಾನ್ ಮಾಡ್ಕೊಳ್ತಾರೆ. ಪೆನ್ನು ನಾಲ್ಕು ದಿನಕ್ಕೆ ನಿಲ್ಲುತ್ತೆ, ಅವರ ಫೋನ್ ಕರೆ ಆರು ತಿಂಗಳಾದ್ರೂ ನಿಲ್ಲಲ್ಲ. ಹಾಗಂತ ನಾನು ತಂತ್ರಜ್ಞಾನದ ವಿರೋಧಿ ಅಲ್ಲ. ನನ್ನ ಎದೆ ಮೇಲಿರೋ ಬಿಲ್ಲೆ ನನ್ನ ಬಗ್ಗೆ ಏನು ಹೇಳ್ತಿದೆ ಅಂತ ನನಗೂ ಕಾಣ್ಬೇಕು, ಆ ಐದು ದೀಪದ ಥರ. ಕೇಳೋದು ಇಷ್ಟೇ.

ತಲೆಗೆ ಕಟ್ಕೊಂಡು ಕಂಪ್ಯೂಟರ್ ಕಟ್ಟಿದ ಲೋಕ ನೋಡೋ ವಿಆರ್ ಕನ್ನಡಕದ ಬಗ್ಗೆ ಜಾಸ್ತಿ ಹೇಳಲ್ಲ. ಒಬ್ಬರು ಆಡ್ತಾರೆ, ನಲವತ್ತು ಜನ ಕ್ಯೂನಲ್ಲಿ. ಒಂದು ಸಲ ನನ್ನ ಮುಂದಿದ್ದ ಹಿರಿಯ ಮೇಡಂ ಒಬ್ಬರು, ತಲೆತುಂಬ ಮಲ್ಲಿಗೆ ಮುಡಿದಿದ್ರು. ಪಟ್ಟಿ ಬಿಗಿಯೋಕೇ ಆಗ್ತಿಲ್ಲ. ಪಾಪ, ಕನ್ನಡಕ ಹಾಕ್ತಿದ್ದ ಹುಡುಗ, “ಮೇಡಂ, ಹೂವು ತೆಗೀತೀರಾ?” ಅಂದ. “ನಿನ್ನ ಮಿಷಿನ್ ತೆಗಿಯಪ್ಪ” ಅಂದು ಹೊರಟೇಹೋದ್ರು. ಆ ದಿನ ನಾನು ಕೇಳಿದ ಅತ್ಯುತ್ತಮ ಫೀಡ್‌ಬ್ಯಾಕ್ ಅದು.

ಬರೀ ಬಾಯಲ್ಲಿ ಹೇಳಿದ್ರೆ ಆಗಲ್ಲ ಅಂತ ಹೋದ ತಿಂಗಳು ನಮ್ಮ ನಲವತ್ತು ಜನರ ಭೇಟಿಯಲ್ಲಿ ನಾವೇ ಮಾಡಿ ನೋಡಿದ್ವಿ. ಬೀಸಣಿಗೆಗೆ ಕೆಂಪು ಹಸಿರು ಕಾಗದ ಅಂಟಿಸಿ, ಮುಂದೊಂದು ವೆಬ್‌ಕ್ಯಾಮ್ ಇಟ್ವಿ. ಪಾಂಗ್ ಶುರುವಾಯ್ತು. ಎಡಗಡೆ ಬ್ಯಾಟು ಏನೇ ಮಾಡಿದ್ರೂ ಕೆಳಗೆ ಇಳೀತಿಲ್ಲ. ಹತ್ತು ನಿಮಿಷ ತಲೆ ಕೆರ್ಕೊಂಡ ಮೇಲೆ ಗೊತ್ತಾಯ್ತು: ಎರಡನೇ ಸಾಲಲ್ಲಿ ಒಬ್ಬರು ಆರ್‌ಸಿಬಿ ಜೆರ್ಸಿ ಹಾಕ್ಕೊಂಡು ಬಂದಿದ್ರು. ಕ್ಯಾಮೆರಾ ಅವರನ್ನ ಒಂದು ದೊಡ್ಡ ಕೆಂಪು ರಟ್ಟು ಅಂತ ಎಣಿಸ್ತಿತ್ತು! ಶಾಲು ಹೊದಿಸಿ ಕೂರಿಸಿದ ಮೇಲೆ ಆಟ ಸರಿಯಾಯ್ತು, ನಗು ಮಾತ್ರ ನಿಲ್ಲಲಿಲ್ಲ.

ಲಾಸ್ ವೇಗಸ್‌ನ ರಟ್ಟುಗಳಿಗೆ ಬೆಳಕನ್ನ ಬಂದ ದಿಕ್ಕಿಗೇ ವಾಪಸ್ ಕಳಿಸೋ ಹಾಳೆ ಯಾಕೆ ಅಂಟಿಸಿದ್ರು ಅಂತ ಅವತ್ತು ಅರ್ಥ ಆಯ್ತು. ಕ್ಯಾಮೆರಾ ಪಕ್ಕ ಒಂದು ದೀಪ ಇಟ್ರೆ ರಟ್ಟು ಮಾತ್ರ ಹೊಳೆಯುತ್ತೆ, ಅಂಗಿ ಮಂಕಾಗೇ ಇರುತ್ತೆ. ನಮ್ಮಲ್ಲಿ ಲಾರಿ ಹಿಂದೆ ಅಂಟಿಸ್ತಾರಲ್ಲ, ರೇಡಿಯಂ ಸ್ಟಿಕ್ಕರ್, ಅದೇ. ಮೊನ್ನೆ ಜೆ.ಸಿ. ರೋಡಿಗೆ ಹೋಗಿ ಒಂದು ಅಂಗಡಿಯಲ್ಲಿ ಕೆಂಪು ಒಂದು ರೋಲು, ಹಸಿರು ಒಂದು ರೋಲು ಕೇಳ್ದೆ.

“ಎಷ್ಟು ಗಾಡಿಗೆ ಸಾರ್?” ಅಂದ್ರು.

“ಗಾಡಿಗಲ್ಲಣ್ಣ, ಎಂಬತ್ತು ಬೀಸಣಿಗೆಗೆ.”